ಮೂಟೆ ಹೊರುವವರಿಗೆ ಸಂಘವಿದೆ, ಬಿಲ್ ಹಾಕುವವರಿಗಿಲ್ಲ

ತುಮಕೂರಿನ ಮಂಡಿಪೇಟೆಗೆ ಬೆಳಿಗ್ಗೆ ಲಾರಿ ಬಂತು ಅಂದರೆ ಮೊದಲು ಕಾಣುವುದು ಹಮಾಲರು. ತಲೆಗೆ ಸುತ್ತಿದ ಟವೆಲ್, ಕೈಯಲ್ಲಿ ಕೊಕ್ಕೆ. ಅಕ್ಕಿ, ಬೇಳೆ, ಸಕ್ಕರೆ ಎಲ್ಲ ಅವರ ಬೆನ್ನ ಮೇಲಿಂದಲೇ ಗೋಡೌನಿಗೆ ಹೋಗಬೇಕು. ಮೂಟೆಗೆ ಇಷ್ಟು ಅಂತ ಕೂಲಿ. ಬಟವಾಡಿಯ ಎಪಿಎಂಸಿಯಲ್ಲೂ ಇದೇ ಲೆಕ್ಕ. ಹುಣಸೆಹಣ್ಣಿನ ಕಾಲದಲ್ಲಂತೂ ಬೆನ್ನು ನೆಟ್ಟಗಾಗುವುದೇ ಇಲ್ಲ.

ಅಲ್ಲಿಂದ ಬಿ.ಎಚ್. ರಸ್ತೆಯ ದೊಡ್ಡ ಅಂಗಡಿಗೆ ಬನ್ನಿ. ಅದೇ ಅಕ್ಕಿ, ಅದೇ ಬೇಳೆ. ಹಮಾಲ ಮಾತ್ರ ಇಲ್ಲ. ಯೂನಿಫಾರ್ಮ್ ಹಾಕಿದ ಹುಡುಗ ಹುಡುಗಿಯರು ಕಪಾಟು ತುಂಬುತ್ತಾರೆ, ಬಿಲ್ ಹಾಕುತ್ತಾರೆ.

ದೊಡ್ಡ ಅಂಗಡಿ ಬಂದರೆ ಚಿಲ್ಲರೆ ಅಂಗಡಿ ಮುಚ್ಚುತ್ತೆ ಅನ್ನುವ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇವೆ. ಆ ಜಗಳದಲ್ಲಿ ಅಂಗಡಿಯವರ ಮಾತು ಬಂತು, ರೈತರ ಮಾತು ಬಂತು. ಹಮಾಲರ ಮಾತು ಅಷ್ಟಾಗಿ ಬರಲೇ ಇಲ್ಲ. ನನಗೆ ಕಥೆ ಶುರುವಾಗುವುದೇ ಅಲ್ಲಿಂದ.

ಎಲ್ಲ ಸಾಮಾನೂ ಒಂದೇ ಸೂರಿನಡಿ ಸಿಗಬೇಕು ಅನ್ನುವುದು ನಮಗೆ ಹೊಸದಲ್ಲ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ಬೆಲೆ ಏರಿದಾಗ ಕೇಂದ್ರ ಸರ್ಕಾರ ಬಳಕೆದಾರರ ಸಹಕಾರಿ ಅಂಗಡಿಗಳಿಗೆ ಹಣ ಕೊಡಲು ಶುರುಮಾಡಿತು. ಕರ್ನಾಟಕದವರಿಗೆ ಅದು ಜನತಾ ಬಜಾರ್ ಹೆಸರಿನಲ್ಲಿ ಗೊತ್ತು. ಅದಕ್ಕೆ ಹೆದರಿ ಯಾವ ಶೆಟ್ಟರೂ ಅಂಗಡಿ ಮುಚ್ಚಲಿಲ್ಲ. ಸಾಲದ ಪುಸ್ತಕ ಇದ್ದದ್ದು ಶೆಟ್ಟರ ಹತ್ತಿರ ತಾನೆ!

1997ರಲ್ಲಿ ಸಗಟು ವ್ಯಾಪಾರಕ್ಕೆ ವಿದೇಶಿ ಬಂಡವಾಳ ಬರಲು ದಾರಿಯಾಯಿತು. 2003ರಲ್ಲಿ ಜರ್ಮನಿಯ ಸಗಟು ಕಂಪನಿ ಮೆಟ್ರೊ ಬೆಂಗಳೂರಿಗೆ ಬಂತು. ಅದರ ಒಂದು ಮಳಿಗೆ ಯಶವಂತಪುರದಲ್ಲಿ, ಅಂದರೆ ನಮ್ಮ ತುಮಕೂರು ರಸ್ತೆಯ ಕಡೆಗೇ. ಕಾರ್ಡ್ ಇರುವ ವ್ಯಾಪಾರಿಗಳಿಗೆ ಮಾತ್ರ ಒಳಗೆ ಬಿಡುತ್ತಿದ್ದರು.

ನಿಜವಾದ ಗಲಾಟೆ ಎದ್ದದ್ದು 2012ರಲ್ಲಿ. ಎಲ್ಲ ಬ್ರಾಂಡಿನ ಸಾಮಾನು ಮಾರುವ ಅಂಗಡಿಗಳಲ್ಲಿ ಶೇ 51ರವರೆಗೆ ವಿದೇಶಿ ಬಂಡವಾಳ ಇರಬಹುದು ಎಂದು ಕೇಂದ್ರ ಹೇಳಿತು. ಸೆಪ್ಟೆಂಬರ್ 20ಕ್ಕೆ ಭಾರತ್ ಬಂದ್. ಎಲ್ಲರ ಬಾಯಲ್ಲೂ ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್. ಆದರೆ ಅದೇ ಆದೇಶದಲ್ಲಿ ಒಂದು ಷರತ್ತಿತ್ತು: ಇಂಥ ಅಂಗಡಿ ತೆರೆಯಲು ಊರಿನ ಜನಸಂಖ್ಯೆ 10 ಲಕ್ಷ ದಾಟಿರಬೇಕು. 2011ರ ಜನಗಣತಿಯಲ್ಲಿ ತುಮಕೂರು ನಗರದ್ದು 3 ಲಕ್ಷದ ಆಸುಪಾಸು. ನಾವು ಹೆದರಿದ್ದ ಗುಮ್ಮ ನಮ್ಮೂರಿಗೆ ಬರುವ ಹಾಗೇ ಇರಲಿಲ್ಲ.

ದೇಶದೊಳಗಿನ ಕಂಪನಿಗಳಿಗೆ ಆ ಷರತ್ತು ಇರಲಿಲ್ಲ. 2001ಕ್ಕೆ ಬಿಗ್ ಬಜಾರ್, 2002ಕ್ಕೆ ಡಿ-ಮಾರ್ಟ್, 2006ಕ್ಕೆ ರಿಲಯನ್ಸ್ ಫ್ರೆಶ್ ಆಗಲೇ ಹುಟ್ಟಿದ್ದವು. ದೊಡ್ಡ ಅಂಗಡಿ ಸಣ್ಣ ಊರುಗಳಿಗೆ ಬಂದದ್ದು ಈ ಸ್ವದೇಶಿ ಬಾಗಿಲಿನಿಂದ.

ತುಮಕೂರಿನ ಕಥೆಗೆ ಇನ್ನೊಂದು ತಿರುವೂ ಇದೆ. 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮೋದಿ ವಸಂತನರಸಾಪುರದಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದರು. ಅದನ್ನು ಕಟ್ಟಿದ್ದು ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ಗ್ರೂಪ್. ಇಲ್ಲಿ ಕಾಳು ಬೇಳೆ ಸ್ವಚ್ಛ ಮಾಡಿ, ಪ್ಯಾಕೆಟ್ ಮಾಡಿ, ನೇರವಾಗಿ ತಮ್ಮ ಅಂಗಡಿಗಳಿಗೆ ಕಳಿಸುವ ಲೆಕ್ಕಾಚಾರ. ಎಂಟು ವರ್ಷ ಆಗುವುದರೊಳಗೆ ಆ ಗ್ರೂಪೇ ಸಾಲದಲ್ಲಿ ಮುಳುಗಿತು. 2022ರ ಫೆಬ್ರುವರಿಯಲ್ಲಿ ಅದರ ಎಷ್ಟೋ ಅಂಗಡಿಗಳನ್ನು ರಿಲಯನ್ಸ್ ತನ್ನ ಕೈಗೆ ತೆಗೆದುಕೊಂಡಿತು. ಬಿಗ್ ಬಜಾರ್ ಬೋರ್ಡು ಇಳಿಯಿತು. ಸಣ್ಣ ಅಂಗಡಿಯವರು ಸೋತರು ಅನ್ನುತ್ತೇವೆ. ದೊಡ್ಡವರನ್ನು ಇನ್ನೂ ದೊಡ್ಡವರು ನುಂಗುವುದೂ ಇದೇ ವ್ಯಾಪಾರದಲ್ಲಿ.

ಈಗ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರಬೇಕು. ಟೆಕ್ಸಸ್‌ನ ಜಾಕ್ಸನ್‌ವಿಲ್ ಅನ್ನುವ ಸಣ್ಣ ಊರು. 2000ದ ಫೆಬ್ರುವರಿಯಲ್ಲಿ ಅಲ್ಲಿನ ವಾಲ್‌ಮಾರ್ಟ್‌ನ ಮಾಂಸ ಕತ್ತರಿಸುವ ಹತ್ತು ಜನ ಯೂನಿಯನ್ ಬೇಕೋ ಬೇಡವೋ ಎಂದು ಮತ ಹಾಕಿದರು. 7 ಜನ ಬೇಕು ಅಂದರು, 3 ಜನ ಬೇಡ ಅಂದರು. ಎರಡು ವಾರದೊಳಗೆ ಕಂಪನಿ ಒಂದು ಪ್ರಕಟಣೆ ಕೊಟ್ಟಿತು. ಇನ್ನು ಮುಂದೆ ಅಂಗಡಿಯಲ್ಲಿ ಮಾಂಸ ಕತ್ತರಿಸುವುದಿಲ್ಲ, ಹೊರಗಿಂದ ಪ್ಯಾಕೆಟ್‌ನಲ್ಲೇ ಬರುತ್ತದೆ ಅಂತ. ಇದಕ್ಕೂ ಮತಕ್ಕೂ ಸಂಬಂಧವಿಲ್ಲ ಎಂದಿತು ಕಂಪನಿ. ಇರಬಹುದು. ಕೆನಡಾದ ಜೊಂಕಿಯೇರ್‌ನಲ್ಲಿ ಇದೇ ವಾಲ್‌ಮಾರ್ಟ್‌ನ ಸುಮಾರು 190 ಜನ ಯೂನಿಯನ್ ಕಟ್ಟಿದರು. 2005ರ ಏಪ್ರಿಲ್‌ನಲ್ಲಿ ಅಂಗಡಿಗೇ ಬೀಗ ಬಿತ್ತು. ಅದು ಕಾನೂನಿಗೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2014 ಬಂದಿತ್ತು.

ನನ್ನ ತಲೆಯಲ್ಲಿ ಉಳಿದದ್ದು ಜಾಕ್ಸನ್‌ವಿಲ್‌ನ ಪ್ಯಾಕೆಟ್. ಯಾರನ್ನೂ ಬೈಯಲಿಲ್ಲ, ಹೊಡೆಯಲಿಲ್ಲ. ಆ ಕೆಲಸವೇ ಅಂಗಡಿಯಿಂದ ಆಚೆ ಹೋಯಿತು, ಅಷ್ಟೇ.

ನಮ್ಮಲ್ಲಿ ಯಾರೂ ಯೂನಿಯನ್ ಮುರಿಯಲು ಹೊರಟಿರಲಿಲ್ಲ. ಆದರೂ ಕೊನೆಗೆ ಆದದ್ದು ಅಂಥದ್ದೇ. ಕಿರಾಣಿ ವ್ಯಾಪಾರದಲ್ಲಿ ಕೂಲಿಯವರು ಗಟ್ಟಿಯಾಗಿ ಒಂದಾಗಿದ್ದ ಜಾಗ ಒಂದೇ, ಮಂಡಿ. ಎಪಿಎಂಸಿ ಹಮಾಲರಿಗೆ ಲೈಸೆನ್ಸ್ ಇದೆ, ಸಂಘಗಳಿವೆ. ಹಮಾಲಿ ದರ ಏರಬೇಕಾದರೆ ವರ್ತಕರು, ಸಂಘ, ಸಮಿತಿ ಮೂವರೂ ಕೂತು ಮಾತಾಡಬೇಕು. ಲಾರಿ ಇಳಿಸಲ್ಲ ಅಂದರೆ ಮಧ್ಯಾಹ್ನದೊಳಗೆ ಪೇಟೆ ನಿಂತುಹೋಗುತ್ತದೆ. ಅವರ ಬಲ ಅಂದರೆ ಅದೇ.

ದೊಡ್ಡ ಅಂಗಡಿಯ ಸಾಮಾನು ಮಂಡಿಪೇಟೆಗೆ ಬರುವುದೇ ಇಲ್ಲ. ಕಂಪನಿಯಿಂದ ವೇರ್‌ಹೌಸಿಗೆ, ವೇರ್‌ಹೌಸಿನಿಂದ ಅಂಗಡಿಯ ಹಿಂಬಾಗಿಲಿಗೆ. ಮೂಟೆಯ ಬದಲು ಡಬ್ಬ, ಕೊಕ್ಕೆಯ ಬದಲು ಟ್ರಾಲಿ. ಅಗ್ಗವಾಗಿ ಕೊಡಲು ಆಗುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು, ಅವರು ಒಟ್ಟಿಗೆ ಕೊಳ್ಳುವ ಪ್ರಮಾಣ. 2021ರ ಕೊನೆಯಲ್ಲಿ ದೇಶದ ವಿತರಕರ ಒಕ್ಕೂಟ ಸೋಪು ಪೇಸ್ಟಿನ ಕಂಪನಿಗಳಿಗೆ, ದೊಡ್ಡವರಿಗೆ ಕೊಡುವ ದರದಲ್ಲೇ ನಮಗೂ ಕೊಡಿ, ಇಲ್ಲದಿದ್ದರೆ ನಿಮ್ಮ ಮಾಲು ಎತ್ತುವುದಿಲ್ಲ ಎಂದು ಹೇಳಿತ್ತು. 2020ರಲ್ಲಿ ರಾಜ್ಯದ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದು ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ದಾರಿ ಮಾಡಿದಾಗ ರೈತ ಸಂಘಟನೆಗಳ ಜೊತೆ ಹಮಾಲರೂ ತಲೆ ಕೆಡಿಸಿಕೊಂಡದ್ದು ಸುಮ್ನೆ ಅಲ್ಲ.

ಇನ್ನು ಯೂನಿಫಾರ್ಮ್ ಹಾಕಿದವರ ಕಡೆ ನೋಡೋಣ. ಸಂಘ ನೋಂದಾಯಿಸಲು ಬೇಕಾದವರು ಕನಿಷ್ಠ 7 ಜನ, ಅದು 1926ರ ಕಾಯ್ದೆಯ ಕಾಲದಿಂದ ಬಂದ ಮಾತು. ಏಳು ಜನ ಎಲ್ಲಿ ಸಿಗಲ್ಲ ಹೇಳಿ? ಆದರೆ ಇಂಥ ಕೆಲಸದಲ್ಲಿ ಎಷ್ಟೋ ಮಂದಿ ಏಜೆನ್ಸಿ ಮೂಲಕ ಬಂದವರು. ಪಿಯುಸಿ, ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವ ತನಕ ಅಂತ ಸೇರಿದವರು. ವರ್ಷ ತುಂಬುವುದರೊಳಗೆ ಮುಖಗಳು ಬದಲಾಗಿರುತ್ತವೆ. ಸಂಬಳ ಕೊಡುವವರು ಒಬ್ಬರು, ಕೆಲಸ ಹೇಳುವವರು ಇನ್ನೊಬ್ಬರು. ಕೇಳಬೇಕಾದ್ದು ಯಾರನ್ನು?

ಹಾಗಂತ ಹಳೆಯ ಅಂಗಡಿಗಳು ಧರ್ಮಛತ್ರಗಳಾಗಿದ್ದವು ಎಂದುಕೊಳ್ಳಬೇಡಿ. ಕಿರಾಣಿ ಅಂಗಡಿ ಹುಡುಗನಿಗೆ ಪಿ.ಎಫ್. ಎಲ್ಲಿತ್ತು? ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ ಎಂದು 1961ರ ಕರ್ನಾಟಕದ ಅಂಗಡಿ ಕಾಯ್ದೆ ಹೇಳಿದ್ದು ಎಷ್ಟು ಗಲ್ಲಾಪೆಟ್ಟಿಗೆಗಳಿಗೆ ಕೇಳಿಸಿತ್ತು? ಬಟ್ಟೆ ಅಂಗಡಿಯ ಹೆಣ್ಣುಮಕ್ಕಳಿಗೆ ಕೂರುವುದಕ್ಕೊಂದು ಸ್ಟೂಲ್ ಇಲ್ಲ ಅನ್ನುವುದೇ ಕೇರಳದಲ್ಲಿ ಹೋರಾಟವಾಯಿತು. ಕೋಳಿಕ್ಕೋಡಿನಲ್ಲಿ ವಿಜಿ ಪೆಣ್‌ಕೂಟ್ಟ್ ಅವರ ಜೊತೆ ಸೇರಿದ ಹೆಂಗಸರು ಸಂಘ ಕಟ್ಟಿದರು. 2018ರಲ್ಲಿ ಕೂರುವ ಹಕ್ಕು ಅಲ್ಲಿನ ಅಂಗಡಿ ಕಾಯ್ದೆಗೆ ಸೇರಿತು. 2021ರಲ್ಲಿ ತಮಿಳುನಾಡೂ ಹಾಗೇ ಮಾಡಿತು. ಕೌಂಟರ್ ಹಿಂದೆ ನಿಂತವರಿಗೆ ಸಂಘ ಕಟ್ಟಲು ಆಗೋದೇ ಇಲ್ಲ ಅನ್ನುವವರು ಆ ಊರನ್ನು ನೋಡಬಹುದು.

ಹಮಾಲರ ವಿಚಾರಕ್ಕೆ ನೋಡಬೇಕಾದ್ದು ಮಹಾರಾಷ್ಟ್ರ. ಅಲ್ಲಿ 1969ರಲ್ಲೇ ಮಾಥಾಡಿ ಕಾಯ್ದೆ ಬಂತು. ಹೊರೆ ಹೊರುವವರ ಹೆಸರು ಆ ಕಾಯ್ದೆಯಡಿ ಮಾಡಿದ ಮಂಡಳಿಯಲ್ಲಿರುತ್ತದೆ. ಕೆಲಸ ಮಾಡಿಸಿಕೊಂಡವರು ಕೂಲಿಯ ಜೊತೆ ಮೇಲೊಂದಿಷ್ಟನ್ನು ಮಂಡಳಿಗೆ ಕಟ್ಟಬೇಕು. ಪಿ.ಎಫ್., ಬೋನಸ್, ರಜೆಯ ದುಡ್ಡು ಎಲ್ಲ ಅದರಿಂದ ಬರುತ್ತದೆ. ಹೊರೆ ಮಂಡಿಯದೋ ಕಂಪನಿಯ ಗೋಡೌನಿನದೋ ಅನ್ನುವುದು ಅಲ್ಲಿ ಮುಖ್ಯವಲ್ಲ. ನಮ್ಮಲ್ಲಿ ಹಮಾಲರಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಅನ್ನುವ ಸರ್ಕಾರಿ ಯೋಜನೆಯ ಸ್ಮಾರ್ಟ್ ಕಾರ್ಡ್ ಇದೆ. ದೊಡ್ಡ ಅಂಗಡಿಯ ಹಿಂಬಾಗಿಲಲ್ಲಿ ಲಾರಿ ಇಳಿಸುವಾಗ ಮಾತ್ರ ಆ ಕಾರ್ಡನ್ನು ಯಾರೂ ಕೇಳುವುದಿಲ್ಲ.