ಮೂಗು ನನ್ನದು, ಲಾಭ ಪಕ್ಕದ ಸೀಟಿನವರದು

ಮೊನ್ನೆ ಹುಬ್ಬಳ್ಳಿಗೆ ಹೊರಟ ರಾತ್ರಿ ಬಸ್ಸಿನಲ್ಲಿ ಮಾಸ್ಕ್ ಹಾಕಿಕೊಂಡು ಕೂತಿದ್ದೆ. ನೆಗಡಿ, ಅಷ್ಟೇ. ಪಕ್ಕದವರು ಒಮ್ಮೆ ನೋಡಿದರು, ಇನ್ನೊಮ್ಮೆ ನೋಡಿದರು, ಕೊನೆಗೆ ಕೇಳಿಯೇಬಿಟ್ಟರು: "ಏನ್ ಸಾರ್, ಮತ್ತೆ ಕೊರೊನಾ ಬಂತಾ?" ಅವರಿಗೆ ನೆಗಡಿ ಹತ್ತದಿರಲಿ ಅಂತ ನಾನು ಬೆವರುತ್ತಿದ್ದರೆ, ಅವರು ಸರಿದು ಕಿಟಕಿಗೆ ಅಂಟಿಕೊಂಡರು.

ಮಾಸ್ಕಿನ ಪಾಡೇ ಇದು. ಕೆಮ್ಮಿದಾಗ ಬಾಯಿಂದ ಹೊರಡುವ ಹನಿಗಳು ಆ ಕ್ಷಣಕ್ಕೆ ದಪ್ಪಗೆ, ಒದ್ದೆಯಾಗಿ ಇರುತ್ತವೆ. ಅಲ್ಲೇ ಬಟ್ಟೆ ಅಡ್ಡ ಬಂದರೆ ಸುಲಭವಾಗಿ ಸಿಕ್ಕಿಬೀಳುತ್ತವೆ. ಹೊರಬಿದ್ದ ಮೇಲೆ ನೀರು ಆರಿ ಕುಗ್ಗಿ, ಗಾಳಿಯಲ್ಲಿ ತೇಲುತ್ತವೆ; ಆಗ ಹಿಡಿಯೋದು ಕಷ್ಟ. ಹಾಗಾಗಿ ಸಾದಾ ಮಾಸ್ಕಿನಿಂದ ಹಾಕಿಕೊಂಡವರಿಗಿಂತ ಎದುರಿನವರಿಗೇ ಉಪಕಾರ ಜಾಸ್ತಿ. ನಮ್ಮ ರಕ್ಷಣೆಗೇ ಬೇಕೆಂದರೆ ಎನ್95 ಇದೆ. ಅದರ ನಾರುಗಳಲ್ಲಿ ವಿದ್ಯುತ್ ಆವೇಶ ತುಂಬಿರುತ್ತಾರೆ, ಸಣ್ಣ ಕಣಗಳನ್ನು ಅದು ಸೆಳೆದುಕೊಳ್ಳುತ್ತದೆ. ಸೋಪು ಹಾಕಿ ಒಗೆದರೆ ಆ ಸೆಳೆತ ಹೋಗುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಒಗೆದು ಒಣಗಿಸಿದ್ದರೋ!

ಉಸಿರುಗಟ್ಟೋದು ನನಗೆ, ಲಾಭ ಇನ್ನೊಬ್ಬರಿಗೆ ಅಂದರೆ ಯಾರು ಒಪ್ಪುತ್ತಾರೆ? ಹೆದರಿಕೆ ಇದ್ದರೆ ಒಪ್ಪುತ್ತಾರೆ. 1910ರ ಚಳಿಗಾಲದಲ್ಲಿ ಚೀನಾದ ಈಶಾನ್ಯ ಭಾಗವಾದ ಮಂಚೂರಿಯಾದಲ್ಲಿ ಪ್ಲೇಗ್ ರೈಲು ಹಳಿ ಹಿಡಿದು ಊರೂರಿಗೆ ಹಬ್ಬಿತು. ಹಾರ್ಬಿನ್ ನಗರಕ್ಕೆ ಬಂದ ಪೆನಾಂಗ್ ಮೂಲದ ವೈದ್ಯ ವೂ ಲಿಯೆನ್-ಟೆ, ಇದು ಉಸಿರಿನಿಂದ ಹರಡುತ್ತಿದೆ, ಹತ್ತಿಬಟ್ಟೆಯ ಮಾಸ್ಕ್ ಕಟ್ಟಿಕೊಳ್ಳಿ ಎಂದರು. ಫ್ರೆಂಚ್ ವೈದ್ಯ ಮೆಸ್ನಿ ಈ ಕಿರಿಯನ ಮಾತು ಕೇಳಲಿಲ್ಲ. ಪ್ಲೇಗ್ ಅಂದರೆ ಇಲಿ, ಚಿಗಟ ಎಂಬುದು ಆಗಿನ ಪಾಠ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ, 1911ರ ಜನವರಿಯಲ್ಲಿ, ಅದೇ ಪ್ಲೇಗಿಗೆ ತೀರಿಕೊಂಡರು. ಆಮೇಲೆ ಹಾರ್ಬಿನ್ ಬೀದಿಗಳಲ್ಲಿ ಮಾಸ್ಕ್ ಹಾಕಿ ಅಂತ ಯಾರಿಗೂ ಹೇಳಬೇಕಾಗಲಿಲ್ಲ.

ಹೆದರಿಕೆ ಇಳಿದಾಗ ಮಾಸ್ಕೂ ಇಳಿಯುತ್ತದೆ. ಅಮೆರಿಕದಲ್ಲಿ 2022ರ ಏಪ್ರಿಲ್ 18ರಂದು ಫ್ಲೋರಿಡಾದ ನ್ಯಾಯಾಧೀಶೆಯೊಬ್ಬರು ಪ್ರಯಾಣದ ಮಾಸ್ಕ್ ನಿಯಮವನ್ನು ರದ್ದು ಮಾಡಿದಾಗ ಕೆಲವು ವಿಮಾನಗಳು ಇನ್ನೂ ಆಕಾಶದಲ್ಲಿದ್ದವು. ಘೋಷಣೆ ಕೇಳಿ ಜನ ಅಲ್ಲೇ ಚಪ್ಪಾಳೆ ಹೊಡೆದರು. ಸುತ್ತಲಿನವರು ಮಾಸ್ಕ್ ತೆಗೆಯೋದು ಬೇಡ ಎನ್ನುವವರು ಟೇಕಾಫ್ ಆದ ಮೇಲೆ ಇಳಿದು ಹೋಗೋದಕ್ಕೆ ಆಗುತ್ತಾ? ನಮ್ಮಲ್ಲೇನು ಕಡಿಮೆ? 2020ರ ಅಕ್ಟೋಬರಿನಲ್ಲಿ ನಗರದಲ್ಲಿ ಮಾಸ್ಕ್ ಹಾಕದಿದ್ದರೆ 1000 ರೂಪಾಯಿ ದಂಡ ಎಂದ ಕರ್ನಾಟಕ ಸರ್ಕಾರ, ಜನರ ಕೂಗಿಗೆ ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿತು. ಮಾಸ್ಕ್ ಗಲ್ಲಕ್ಕೆ ಇಳಿಯಿತು. ದಂಡ ಹಾಕುವ ಮಾರ್ಷಲ್ ಕಂಡರೆ ಮೂಗಿಗೆ ಏರುತ್ತಿತ್ತು.

ಜಪಾನಿನಲ್ಲಿ ಹಾಗಾಗಲಿಲ್ಲ. ನಿಮ್ಮಿಷ್ಟ ಎಂದು ಸರ್ಕಾರ 2023ರ ಮಾರ್ಚ್ 13ರಂದು ಬಿಟ್ಟುಕೊಟ್ಟ ಮೇಲೂ ರೈಲುಗಳಲ್ಲಿ ಎಷ್ಟೋ ಜನ ಮಾಸ್ಕ್ ತೆಗೆಯಲಿಲ್ಲ. ಶಿಸ್ತು ಅಂತ ಹೊಗಳಿ ಸುಮ್ಮನಾಗಬಹುದು. ನನಗೆ ಕಾಣುವ ಕಾರಣ ಬೇರೆ. ಅಲ್ಲಿ ನೆಗಡಿಗೂ ಮಾಸ್ಕ್, ವಸಂತದಲ್ಲಿ ಸೀಡರ್ ಮರದ ಪರಾಗಕ್ಕೂ ಮಾಸ್ಕ್. ಯಾರು ಯಾಕೆ ಹಾಕಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ, ಹಾಗಾಗಿ ಅನುಮಾನಕ್ಕೆ ಜಾಗವಿಲ್ಲ. ಬೆಂಗಳೂರಿನಲ್ಲಿ ಸ್ಕೂಟರ್ ಮೇಲೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡವರನ್ನೂ ಯಾರೂ ಏನೂ ಕೇಳುವುದಿಲ್ಲ, ಅಲ್ವಾ?

ಅದು ನೆನಪಾಗಿ ಪಕ್ಕದವರಿಗೆ ಹೇಳಿದೆ: "ಏನಿಲ್ಲ ಸಾರ್, ಧೂಳು. ಅಲರ್ಜಿ." ಅವರ ಮುಖ ಅರಳಿತು. ಕಿಟಕಿ ಬಿಟ್ಟು ಹತ್ತಿರ ಸರಿದು, ತಮ್ಮ ಮಗಳಿಗೂ ಅದೇ ತೊಂದರೆ ಎಂದು ಶುರು ಮಾಡಿದರು.