ಬೆಳ್ಳಿ ರೂಪಾಯಿ ಮತ್ತು 1893ರ ಟಂಕಸಾಲೆ ಕಾಯಿದೆ

ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಒಂದೇ ತೂಕದ ಬೆಳ್ಳಿ ರೂಪಾಯಿಯನ್ನು ಜಾರಿಗೆ ತಂದಿತು. 1870ರವರೆಗೂ ಅದರ ಬೆಲೆ ಎರಡು ಷಿಲಿಂಗಿನ (24 ಪೆನ್ಸ್) ಆಸುಪಾಸಿನಲ್ಲೇ ಇತ್ತು. ಆಮೇಲೆ ಜರ್ಮನಿಯು ಬ್ರಿಟನ್ನಿನಂತೆ ಸುವರ್ಣ ಪ್ರಮಿತಿಗೆ, ಎಂದರೆ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟುವ ವ್ಯವಸ್ಥೆಗೆ, ಬದಲಾಯಿತು, ಅಮೆರಿಕ 1873ರಲ್ಲಿ ಬೆಳ್ಳಿ ಡಾಲರನ್ನು ಕೈಬಿಟ್ಟಿತು, ಫ್ರಾನ್ಸ್ ಬೆಳ್ಳಿ ನಾಣ್ಯದ ಟಂಕನವನ್ನು ನಿಲ್ಲಿಸಿತು. ನೆವಾಡಾದ ಗಣಿಗಳಿಂದ ಬೆಳ್ಳಿ ಹೇರಳವಾಗಿ ಬರುತ್ತಿದ್ದಾಗಲೇ ಕೊಳ್ಳುವವರು ಕಡಿಮೆಯಾದರು.

ಇಪ್ಪತ್ತು ವರ್ಷಗಳಲ್ಲಿ ರೂಪಾಯಿ ಸುಮಾರು 15 ಪೆನ್ಸಿಗೆ ಕುಸಿಯಿತು. ಸಾಲದ ಬಡ್ಡಿ, ಪಿಂಚಣಿ, ರೈಲ್ವೆ ಕಂಪನಿಗಳ ಖಾತರಿ ಲಾಭ ಎಂದು ಭಾರತ ಸರ್ಕಾರ ಲಂಡನ್ನಿಗೆ ಕಟ್ಟಬೇಕಿದ್ದ 'ಹೋಮ್ ಚಾರ್ಜಸ್' ಪೌಂಡಿನಲ್ಲಿತ್ತು, ಕಂದಾಯ ಬರುತ್ತಿದ್ದುದು ರೂಪಾಯಿಯಲ್ಲಿ. ಇಂಗ್ಲೆಂಡಿನಲ್ಲಿರುವ ಸಂಸಾರಕ್ಕೆ ಹಣ ಕಳಿಸುವ ಬಿಳಿಯ ಅಧಿಕಾರಿಗಳೂ ಗೊಣಗುತ್ತಿದ್ದರು. ರಫ್ತುದಾರರಿಗೆ ಮಾತ್ರ ಅಗ್ಗದ ರೂಪಾಯಿ ಅನುಕೂಲವೇ ಆಗಿತ್ತು.

ಭಾರತದ ನಾಣ್ಯದ ಪ್ರಶ್ನೆಯನ್ನು ಪರಿಶೀಲಿಸಿದ ಹರ್ಷೆಲ್ ಸಮಿತಿಯ ಶಿಫಾರಸಿನಂತೆ 1893ರ ಜೂನ್ 26ರಂದು ಟಂಕಸಾಲೆಗಳು ಖಾಸಗಿಯವರ ಬೆಳ್ಳಿಗೆ ಮುಚ್ಚಿದವು. ಅಲ್ಲಿಯವರೆಗೆ ಯಾರು ಬೇಕಾದರೂ ಬೆಳ್ಳಿ ತಂದು, ಅಲ್ಪ ಶುಲ್ಕ ತೆತ್ತು, ರೂಪಾಯಿಯಾಗಿ ಅಚ್ಚು ಹಾಕಿಸಿಕೊಳ್ಳಬಹುದಿತ್ತು. ನಾಣ್ಯದ ಪೂರೈಕೆ ಬಿಗಿಯಾದ್ದರಿಂದ 1898ರ ಹೊತ್ತಿಗೆ ರೂಪಾಯಿ 16 ಪೆನ್ಸಿಗೇರಿತು. ಸರ್ಕಾರದ ಆಯವ್ಯಯ ಸುಧಾರಿಸಿತು. ಆ ಲೆಕ್ಕದಲ್ಲಿ ಕಾಣದ ಒಂದು ಬಾಬತ್ತು ಉಳಿದೇ ಹೋಯಿತು. ರೈತರ ಮನೆಯ ಉಳಿತಾಯವೆಂದರೆ ಕಡಗ, ಕಾಲ್ಗಡಗ, ಉಡಿದಾರ. ತೊಲ ತೂಕದ ರೂಪಾಯಿಗೆ ಪೂರ್ತಿ ಹದಿನಾರು ಆಣೆಯ ಬೆಲೆ ಸಿಗುತ್ತಿರುವಾಗ, ಅದೇ ತೊಲದ ಒಡವೆ ಬೆಳ್ಳಿಗೆ ದಶಕದ ಕೊನೆಯಲ್ಲಿ ಹತ್ತು ಹನ್ನೊಂದು ಆಣೆಗಿಂತ ಹೆಚ್ಚು ದಕ್ಕುವುದು ಕಷ್ಟವಾಯಿತು. 1896-97ರಲ್ಲಿ ಮತ್ತು 1899-1900ರಲ್ಲಿ ಬರ ಬಂದಾಗ ಮಾರಲು ತಂದ ಒಡವೆಗಳಿಗೆ ಸಿಕ್ಕಿದ್ದು ಈ ಬೆಲೆ. ದಾದಾಭಾಯಿ ನವರೋಜಿಯವರಂಥ ಟೀಕಾಕಾರರು ಎತ್ತಿದ ಪ್ರಶ್ನೆ, ಕಂದಾಯ ಕಟ್ಟುವ ರೂಪಾಯಿಯೇ ದುಬಾರಿಯಾಗುವುದರಿಂದ, ವಿನಿಮಯ ದರವನ್ನು ಏರಿಸುವುದೆಂದರೆ ಕಂದಾಯದ ಭಾರವನ್ನು ಸದ್ದಿಲ್ಲದೆ ಏರಿಸಿದಂತೆ ಅಲ್ಲವೇ ಎಂಬುದು. ಅದಕ್ಕೆ ನೇರ ಉತ್ತರ ಬಂದಂತೆ ತೋರುವುದಿಲ್ಲ.

ಇದೇ ನಾಣ್ಯದ ಪ್ರಶ್ನೆಗೆಂದು 1898ರಲ್ಲಿ ನೇಮಕವಾದ ಫೌಲರ್ ಸಮಿತಿ, ಭಾರತದಲ್ಲೇ ಚಿನ್ನದ ನಾಣ್ಯ ಅಚ್ಚಾಗಿ ಚಲಾವಣೆಗೆ ಬರಲಿ ಎಂದಿತು. 15 ರೂಪಾಯಿಗೊಂದು ಸವರನ್ (ಒಂದು ಪೌಂಡಿನ ಬ್ರಿಟಿಷ್ ಚಿನ್ನದ ನಾಣ್ಯ) ಎಂದು 1899ರಲ್ಲಿ ಕಾನೂನಾಯಿತು. ಆದರೆ ಚಿನ್ನದ ಟಂಕಸಾಲೆಯ ಯೋಜನೆ ಬ್ರಿಟಿಷ್ ಖಜಾನೆಯ ಆಕ್ಷೇಪಗಳಲ್ಲಿ ಸಿಲುಕಿ ಕೆಲವೇ ವರ್ಷಗಳಲ್ಲಿ ಬಿದ್ದುಹೋಯಿತು. ಕೋಲಾರದ ಚಿನ್ನ ಎಂದಿನಂತೆ ಇಂಗ್ಲೆಂಡಿಗೆ ಹಡಗೇರುತ್ತಿತ್ತು. ರೂಪಾಯಿ ಅಚ್ಚು ಹಾಕಿ ಬಂದ ಲಾಭದಿಂದ ಕಟ್ಟಿದ ಸುವರ್ಣ ಪ್ರಮಿತಿ ನಿಧಿಯೂ ಲಂಡನ್ನಿನಲ್ಲೇ, ಬಹುಪಾಲು ಬ್ರಿಟಿಷ್ ಸಾಲಪತ್ರಗಳ ರೂಪದಲ್ಲಿ ಕೂಡಿತು.