ಗ್ಲೋ ಮತ್ತು ಸ್ಪಾರ್ಕ್: ಬೆಂಕಿಯ ಸಮಯ ಹೇಳುವವರು ಯಾರು?

ಮಾಡೆಲ್ ವಿಮಾನದ ಎಂಜಿನ್ ಕಲಿಯುವಾಗ ನಾನು ಮೊದಲು ಎಡವಿದ್ದು ಇಲ್ಲೇ. ಗ್ಲೋ ಎಂಜಿನ್, ಸ್ಪಾರ್ಕ್ ಎಂಜಿನ್ ಎರಡರಲ್ಲೂ ಇಂಧನಕ್ಕೆ ಬೆಂಕಿ ಹೊತ್ತಿಸುವ ಪ್ಲಗ್ ಇದೆ, ಎರಡೂ ಸಿಲಿಂಡರ್ ತಲೆಯ ಮೇಲೇ ಕೂತಿರುತ್ತವೆ. ಮತ್ತೆ ವ್ಯತ್ಯಾಸ ಎಲ್ಲಿ? ಬೆಂಕಿ ಯಾವಾಗ ಹೊತ್ತಬೇಕು ಅಂತ ಹೇಳುವವರು ಯಾರು ಎಂದು ಕೇಳಿಕೊಳ್ಳಿ. ಗಂಟು ಅಲ್ಲೇ ಬಿಚ್ಚುತ್ತದೆ.

ಸ್ಪಾರ್ಕ್ ಎಂಜಿನ್ನಲ್ಲಿ ಅದನ್ನು ಹೇಳುವುದು ಸರ್ಕ್ಯೂಟ್. ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಪ್ರೊಪೆಲ್ಲರ್ ಹಿಂದಿನ ಹಬ್‌ನಲ್ಲಿ ಒಂದು ಪುಟ್ಟ ಮ್ಯಾಗ್ನೆಟ್ ಇರುತ್ತದೆ. ಅದು ಸೆನ್ಸರ್ ಮುಂದೆ ಹಾದಾಗ ಇಗ್ನಿಷನ್ ಮಾಡ್ಯೂಲ್‌ಗೆ ಸುದ್ದಿ ಹೋಗಿ ಕಿಡಿ ಹಾರುತ್ತದೆ. ಇಂಧನ ಉರಿಯಲು ಸ್ವಲ್ಪ ಹೊತ್ತು ಬೇಕು, ಅಲ್ವಾ? ಅದಕ್ಕೇ ವೇಗ ಏರಿದಂತೆ ಕಿಡಿಯೂ ಬೇಗ ಬರುತ್ತದೆ. ಪೂರ್ತಿ ವೇಗದಲ್ಲಿ ಪಿಸ್ಟನ್ ತುದಿ ಮುಟ್ಟಲು ಎಂಜಿನ್ ಇನ್ನೂ ಸುಮಾರು 28 ಡಿಗ್ರಿ ತಿರುಗಬೇಕಿರುವಾಗಲೇ ಹಾರುತ್ತದೆ.

ಗ್ಲೋ ಪ್ಲಗ್‌ನಲ್ಲಿ ಕಿಡಿಯೇ ಇಲ್ಲ. ಒಳಗಿರುವುದು ಪ್ಲಾಟಿನಂ ಬೆರೆತ ತಂತಿಯ ಸಣ್ಣ ಸುರುಳಿ. 1.5 ವೋಲ್ಟ್ ಕೊಟ್ಟರೆ ಕಾದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಎಂಜಿನ್ ಶುರುವಾದ ಮೇಲೆ ಬ್ಯಾಟರಿ ಕ್ಲಿಪ್ ತೆಗೆದರೂ ಅದು ಓಡುತ್ತಲೇ ಇರುತ್ತದೆ! ಇಂಧನದಲ್ಲಿರುವ ಮೆಥನಾಲ್ ಎಂಬ ಆಲ್ಕೋಹಾಲ್‌ನ ಆವಿಯೂ ಗಾಳಿಯೂ ಪ್ಲಾಟಿನಂ ಮೈಮೇಲೆ ಸೇರಿದಾಗ ಬಿಸಿ ಹುಟ್ಟುತ್ತದೆ. ಹಿಂದಿನ ಸುತ್ತಿನ ಬಿಸಿಯೂ ಉಳಿದಿರುತ್ತದೆ. ಮಾಮೂಲಿ ಗ್ಲೋ ಎಂಜಿನ್ನಿಗೆ ಪೆಟ್ರೋಲ್ ಹಾಕಿದರೆ ಈ ಆಟ ನಡೆಯುವುದಿಲ್ಲ. ಮೆಥನಾಲ್, ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ, ಜೊತೆಗೆ ಸ್ವಲ್ಪ ನೈಟ್ರೋಮೀಥೇನ್, ಇದು ಅದರ ಊಟ.

ಹಾಗಾದರೆ ಇಲ್ಲಿ ಸಮಯ ಹೇಳುವುದು? ಒಬ್ಬರಲ್ಲ. ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಎಷ್ಟು ಒತ್ತುತ್ತದೆ ಎಂಬುದು), ಪ್ಲಗ್‌ನ ಬಿಸಿ, ನೈಟ್ರೋ ಪ್ರಮಾಣ, ಇಂಧನದ ಹರಿವು ಹೊಂದಿಸುವ ಸೂಜಿ ವಾಲ್ವ್ ಎಲ್ಲಾ ಸೇರಿ ತೀರ್ಮಾನಿಸುತ್ತವೆ. ಸೂಜಿ ಜಾಸ್ತಿ ಬಿಗಿದರೆ ಇಂಧನ ಕಡಿಮೆಯಾಗಿ ಎಂಜಿನ್ ಬಿಸಿಯೇರುತ್ತದೆ, ಬೆಂಕಿಯೂ ಬೇಗ ಹೊತ್ತುತ್ತದೆ.

1947ರಲ್ಲಿ ಅಮೆರಿಕದ ರೇ ಆರ್ಡೆನ್ ಗ್ಲೋ ಪ್ಲಗ್ ಮಾರುಕಟ್ಟೆಗೆ ತಂದಾಗ ಹವ್ಯಾಸಿಗಳು ಅದನ್ನು ಮುಗಿಬಿದ್ದು ಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಕಿಡಿಗೆ ಬೇಕಾದ ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲವನ್ನೂ ಪಾಪ ಆ ಪುಟ್ಟ ವಿಮಾನವೇ ಹೊರಬೇಕಿತ್ತು. ಸಣ್ಣ ಎಂಜಿನ್ನಿಗೆ ಗ್ಲೋ ಇವತ್ತಿಗೂ ಹಗುರ. ಆದರೆ ಕುಡಿಯುವುದು ಜಾಸ್ತಿ: ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು, ಮೆಥನಾಲ್‌ಗೆ ಬರೀ 6.4 ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡು ಪಟ್ಟಿಗೂ ಹೆಚ್ಚು ಮೆಥನಾಲ್ ಹೋಗುತ್ತದೆ. ದೊಡ್ಡ ವಿಮಾನದವರು ಪೆಟ್ರೋಲ್ ಕಡೆ ವಾಲುವುದು ಇದಕ್ಕೇ.

ಒಮ್ಮೆ ಕ್ಲಿಪ್ ತೆಗೆದ ಕೂಡಲೇ ನನ್ನ ಎಂಜಿನ್ ಸದ್ದು ಇಳಿಯುತ್ತಿತ್ತು. ಸುಮ್ನೆ ಅರ್ಧ ದಿನ ಸೂಜಿ ತಿರುಗಿಸಿದೆ. ಕೊನೆಗೆ ಪ್ಲಗ್ ಬಿಚ್ಚಿ ನೋಡಿದರೆ ಸುರುಳಿ ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಿಸಿ ಹುಟ್ಟಿಸಬೇಕಾದ ಪ್ಲಾಟಿನಂ ಮೈಯೇ ಕೆಟ್ಟಿತ್ತು, ತಪ್ಪು ಸೂಜಿಯದಲ್ಲ.